ಹಸಿ ಜೇನೋ, ಬಿಸಿ ಜೇನೋ: ಯಾವ ಕೆಲಸಕ್ಕೆ ಯಾವುದು?

ಕಳೆದ ಮಳೆಗಾಲದಲ್ಲಿ ಊರಿನಿಂದ ಬಂದಿದ್ದ ಸೋದರತ್ತೆಯ ಎದುರಿಗೇ ಕುದಿಯುತ್ತಿದ್ದ ಶುಂಠಿ ಕಷಾಯಕ್ಕೆ ಒಂದು ಚಮಚ ಜೇನುತುಪ್ಪ ಸುರಿದೆ. "ಅಯ್ಯೋ, ಅಮೃತದಂಥದ್ದನ್ನು ವಿಷ ಮಾಡಿಬಿಟ್ಟೆಯಲ್ಲ!" ಎಂದು ಅವರು ಲೋಟವನ್ನೇ ಎತ್ತಿ ಪಕ್ಕಕ್ಕಿಟ್ಟರು. "ಅತ್ತೆ, ಪೇಟೆಯ ಜೇನನ್ನು ಬಾಟಲಿಗೆ ತುಂಬುವ ಮೊದಲೇ ಕಾಯಿಸಿರುತ್ತಾರೆ" ಎಂದೆ. "ಅದಕ್ಕೇ ನಾವು ಪೇಟೆಯ ಜೇನು ಮುಟ್ಟುವುದಿಲ್ಲ" ಎಂಬ ಉತ್ತರ ಸಿದ್ಧವಾಗಿತ್ತು. ಕಷಾಯ ಆರಿತು, ವಾದ ಆರಲಿಲ್ಲ.

ಆ ವಾದದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಕೊಂಡಿದ್ದವು. ಕಾಯಿಸಿದರೆ ಜೇನಿನ ಗುಣ ಹೋಗುತ್ತದೆಯೇ ಎನ್ನುವುದು ಒಂದು. ಕಾಯಿಸಿದ ಜೇನು ನಂಜಾಗುತ್ತದೆಯೇ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ: ಹೋಗುತ್ತದೆ, ಆದರೆ ಹೋಗುವ ಗುಣ ಯಾವುದು ಎಂದು ಕೇಳಿಕೊಳ್ಳಬೇಕು. ಎರಡನೆಯದಕ್ಕೆ: ಇಲ್ಲ. ಈ ಎರಡು ಉತ್ತರಗಳನ್ನು ಬೇರೆ ಬೇರೆ ಇಟ್ಟುಕೊಂಡರೆ ದುಬಾರಿ ಹಸಿ (ಕಾಯಿಸದ) ಜೇನು ಎಲ್ಲಿ ಬೇಕು, ಅಂಗಡಿಯ ಸಂಸ್ಕರಿಸಿದ ಜೇನು ಎಲ್ಲಿ ಸಾಕು ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಚಮಚದಲ್ಲಿ ಇರುವುದೇನು

ನೂರು ಗ್ರಾಂ ಜೇನಿನಲ್ಲಿ ಸುಮಾರು 80 ಗ್ರಾಂ ಸಕ್ಕರೆಯೇ. ಅದರಲ್ಲಿ ಹೆಚ್ಚಿನ ಪಾಲು ಫ್ರಕ್ಟೋಸ್, ನಂತರ ಗ್ಲೂಕೋಸ್. ನೀರು 17ರಿಂದ 20 ಗ್ರಾಂ. ಉಳಿದ ಚೂರುಪಾರಿನಲ್ಲಿ ಆಮ್ಲಗಳು, ಖನಿಜಗಳು, ಪರಾಗ, ಪರಿಮಳದ ಅಂಶಗಳು, ಹೂವಿನಿಂದ ಬಂದ ಫೀನಾಲಿಕ್ ಸಂಯುಕ್ತಗಳು ಮತ್ತು ಕಿಣ್ವಗಳು (ಎನ್‌ಜೈಮ್) ಸೇರಿವೆ. ಸಕ್ಕರೆಗೆ ಕಾಯಿಸಿದರೂ ಒಂದೇ, ಕಾಯಿಸದಿದ್ದರೂ ಒಂದೇ. ಖನಿಜಗಳೂ ಅಲುಗುವುದಿಲ್ಲ. ಫೀನಾಲಿಕ್ ಅಂಶಗಳ ಕಥೆ ಸ್ವಲ್ಪ ತಮಾಷೆಯದು: ಬಿಸಿಯಲ್ಲಿ ಕೆಲವು ಕಡಿಮೆಯಾಗುತ್ತವೆ, ಆದರೆ ಜೇನು ಕಂದುಬಣ್ಣಕ್ಕೆ ತಿರುಗುವಾಗ ಹುಟ್ಟುವ ಹೊಸ ಸಂಯುಕ್ತಗಳಿಗೂ ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್) ಗುಣವಿರುವುದರಿಂದ ಪ್ರಯೋಗಾಲಯದ ಪರೀಕ್ಷೆಯಲ್ಲಿ ಕಾಯಿಸಿದ ಜೇನೇ ಕೆಲವೊಮ್ಮೆ ಹೆಚ್ಚು ಅಂಕ ಪಡೆಯುವುದುಂಟು.

ನಿಜವಾಗಿ ಬಿಸಿಗೆ ಸೋಲುವುದು ಕಿಣ್ವಗಳು ಮತ್ತು ಪರಿಮಳ. ಕಿಣ್ವಗಳಲ್ಲಿ ಮುಖ್ಯವಾದವು ಮೂರು. ಮಕರಂದದ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುವ ಇನ್ವರ್ಟೇಸ್, ಪಿಷ್ಟವನ್ನು ಒಡೆಯುವ ಡಯಾಸ್ಟೇಸ್, ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡಿ ಸೂಕ್ಷ್ಮಜೀವಿಗಳನ್ನು ತಡೆಯುವ ಗ್ಲೂಕೋಸ್ ಆಕ್ಸಿಡೇಸ್. ಇವು ಬಹುಪಾಲು ಜೇನುನೊಣದ ಗ್ರಂಥಿಗಳಿಂದ ಬಂದವು. ನೀರಾದ ಮಕರಂದವನ್ನು ಕೆಡದ ಜೇನನ್ನಾಗಿ ಮಾಡಲು ನೊಣ ಬಳಸುವ ಅಡುಗೆಮನೆಯ ಸಾಮಾನು ಎನ್ನಿ. ಅಡುಗೆ ಮುಗಿದ ಮೇಲೆ ಪಾತ್ರೆಗೆ ಅಂಟಿಕೊಂಡು ಬಂದಿವೆ, ಅಷ್ಟೇ.

ನಾವು ಆ ಜೇನನ್ನು ನುಂಗಿದಾಗ ಇವು ಹೊಟ್ಟೆಯಲ್ಲಿ ಬೇಳೆಯ ಪ್ರೊಟೀನಿನ ಹಾಗೆಯೇ ಜೀರ್ಣವಾಗಿ ಹೋಗುತ್ತವೆ. ಪಿಷ್ಟ ಒಡೆಯುವ ಕಿಣ್ವ ನಮ್ಮ ಎಂಜಲಿನಲ್ಲಿಯೇ ಧಾರಾಳವಾಗಿದೆ. ಅನ್ನ ತಿನ್ನಲು ಜೇನುನೊಣದ ಸಹಾಯ ಬೇಕಿಲ್ಲ. ಹಾಗಾದರೆ ಪ್ರಯೋಗಾಲಯದವರು ಡಯಾಸ್ಟೇಸನ್ನು ಅಳೆಯುವುದೇಕೆ? ಅದು ಸಾಕ್ಷಿ ಹೇಳುತ್ತದೆ ಎಂಬ ಕಾರಣಕ್ಕೆ. ಅದರ ಪ್ರಮಾಣ ತೀರಾ ಇಳಿದಿದ್ದರೆ ಆ ಜೇನನ್ನು ವಿಪರೀತ ಕಾಯಿಸಿದ್ದಾರೆ, ಇಲ್ಲವೇ ವರ್ಷಗಟ್ಟಲೆ ಸೆಕೆಯಲ್ಲಿ ಇಟ್ಟಿದ್ದಾರೆ, ಇಲ್ಲವೇ ಸಕ್ಕರೆ ಪಾಕ ಬೆರೆಸಿದ್ದಾರೆ ಎಂದು ತಿಳಿಯಬಹುದು. "ಜೀವಂತ ಕಿಣ್ವಗಳುಳ್ಳ ಜೇನು" ಎಂದು ಬಾಟಲಿಯ ಮೇಲೆ ಬರೆದು ಎರಡು ಪಟ್ಟು ಬೆಲೆ ಹಾಕುವವರು ಈ ಸಾಕ್ಷಿಯನ್ನೇ ಔಷಧವೆಂದು ಮಾರುತ್ತಿದ್ದಾರೆ.

ಎಷ್ಟು ಬಿಸಿ, ಎಷ್ಟು ಹೊತ್ತು

"ಬಿಸಿ ಮಾಡಬಾರದು" ಎಂಬ ಮಾತಿನಲ್ಲಿ ಡಿಗ್ರಿಯೂ ಇಲ್ಲ, ಗಡಿಯಾರವೂ ಇಲ್ಲ. ಎರಡೂ ಬೇಕು. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ಜೊನಾಥನ್ ವೈಟ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಇದನ್ನು ಕೂತು ಅಳೆದರು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ಜೇನಿನಲ್ಲಿ ಡಯಾಸ್ಟೇಸ್ ಅರ್ಧಕ್ಕೆ ಇಳಿಯಲು ಸುಮಾರು 4 ವರ್ಷ ಬೇಕು. 30 ಡಿಗ್ರಿಯಲ್ಲಿ ಸುಮಾರು 200 ದಿನ, 40ರಲ್ಲಿ ಒಂದು ತಿಂಗಳು, 50ರಲ್ಲಿ ಐದಾರು ದಿನ, 60ರಲ್ಲಿ ಒಂದು ದಿನ, 70ರಲ್ಲಿ ಐದು ಗಂಟೆ, 80ರಲ್ಲಿ ಒಂದೂಕಾಲು ಗಂಟೆ. ಇನ್ವರ್ಟೇಸ್ ಇನ್ನೂ ನಾಜೂಕು. 40 ಡಿಗ್ರಿಯಲ್ಲಿ ಹತ್ತು ದಿನದೊಳಗೆ, 60ರಲ್ಲಿ ಐದು ಗಂಟೆಯೊಳಗೆ, 80ರಲ್ಲಿ ಒಂಬತ್ತು ನಿಮಿಷದೊಳಗೆ ಅದರ ಅರ್ಧ ಹೋಗಿರುತ್ತದೆ.

ಈ ಅಂಕಿಗಳನ್ನು ಓದಿದ ದಿನ ಮನೆಯ ಥರ್ಮಾಮೀಟರ್ ಹಿಡಿದು ಅಡುಗೆಮನೆಗೆ ಹೋದೆ. (ಜ್ವರ ನೋಡುವುದಲ್ಲ, ಪಾಕ ನೋಡುವುದು.) ಕುದಿವ ನೀರನ್ನು ಸ್ಟೀಲ್ ಲೋಟಕ್ಕೆ ಸುರಿದ ಕೂಡಲೇ ಮುಳ್ಳು 90ರ ಕೆಳಗೆ ಇಳಿದಿತ್ತು. ಕಾಲು ಗಂಟೆಯಾಗುವಷ್ಟರಲ್ಲಿ 60ರ ಆಸುಪಾಸಿನಲ್ಲಿತ್ತು. ನಾಲಿಗೆ ಸುಡದೆ ಗುಟುಕರಿಸಲು ಆಗುವುದು ಹೆಚ್ಚುಕಡಿಮೆ ಇದೇ ಹಂತದಲ್ಲಿ. ಉಗುರು ಬೆಚ್ಚಗಿನ ನೀರು ಎಂದರೆ 40ರೊಳಗೆ. ಇನ್ನು ಜೇನುಗೂಡಿನ ಒಳಗೆ, ಮರಿಗಳಿರುವ ಜಾಗದಲ್ಲಿ, ನೊಣಗಳೇ 33ರಿಂದ 36 ಡಿಗ್ರಿ ಕಾಯ್ದುಕೊಂಡಿರುತ್ತವೆ. ಹಾಗಾಗಿ ಬೆಳಗಿನ ಬೆಚ್ಚಗಿನ ನೀರಿಗೆ ಜೇನು ಬೆರೆಸುವವರು ಅದನ್ನು ಅದರ ತವರಿನ ಸೆಕೆಗೆ ವಾಪಸು ಕಳಿಸುತ್ತಿದ್ದಾರೆ ಅಷ್ಟೇ. ವೈಟ್ ಅವರ ಲೆಕ್ಕ ಗಟ್ಟಿ ಜೇನಿನದು. ನೀರಿನಲ್ಲಿ ಕದಡಿದಾಗ ಕಿಣ್ವಕ್ಕೆ ಸಕ್ಕರೆಯ ಕವಚ ತಪ್ಪಿ ಅದು ಬೇಗ ಸೋಲುತ್ತದೆ. ಆದರೂ ಕುಡಿಯುವಷ್ಟು ಬಿಸಿಯ ನೀರು, ಕುಡಿಯುವಷ್ಟು ಹೊತ್ತು ಎಂದರೆ ದೊಡ್ಡ ಅನಾಹುತವೇನಲ್ಲ.

ಅನಾಹುತ ನಡೆಯುವುದು ಯಾರೂ ನೋಡದ ಕಡೆ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಪಾದರಸ 40 ದಾಟುತ್ತದೆ. ತಗಡಿನ ಸೂರಿನ ಗೋದಾಮಿನಲ್ಲಿ, ಅಂಗಡಿಯ ಮೇಲಿನ ಹಲಗೆಯಲ್ಲಿ, ನಮ್ಮದೇ ಅಡುಗೆಮನೆಯ ಒಲೆಯ ಪಕ್ಕದ ಗೂಡಿನಲ್ಲಿ ಎರಡು ಬೇಸಿಗೆ ಕಳೆದ "ಹಸಿ" ಜೇನು, ಒಮ್ಮೆ 65 ಡಿಗ್ರಿಗೆ ಕಾಯಿಸಿ ಕೂಡಲೇ ತಣಿಸಿದ ಸಂಸ್ಕರಿತ ಜೇನಿಗಿಂತ ಹೆಚ್ಚು ಕಿಣ್ವ ಕಳೆದುಕೊಂಡಿರುತ್ತದೆ. ಒಲೆಯ ಮುಖವನ್ನೇ ನೋಡದಿದ್ದರೂ ಅದು ಬೆಂದ ಜೇನೇ. ಆದ್ದರಿಂದ ಹಸಿ ಜೇನಿಗೆ ಹೆಚ್ಚು ಬೆಲೆ ಕೊಡುವವರು ಮೊದಲು ನೋಡಬೇಕಾದದ್ದು ತೆಗೆದ ತಿಂಗಳು ಯಾವುದು, ಎಲ್ಲಿ ಇಟ್ಟಿದ್ದರು ಎಂಬುದನ್ನು.

ವಿಷದ ಮಾತು

ಅತ್ತೆಯ ಭಯ ಅವರ ಸ್ವಂತದ್ದಲ್ಲ. ಆಯುರ್ವೇದದ ಚರಕ, ಸುಶ್ರುತ, ವಾಗ್ಭಟ ಮೂವರೂ ಜೇನಿಗೂ ಬಿಸಿಗೂ ವಿರೋಧವಿದೆ ಎಂದಿದ್ದಾರೆ. ಕಾಯಿಸಿದ ಜೇನು, ಬಿಸಿ ಪದಾರ್ಥದ ಜೊತೆ ಜೇನು, ಬಿಸಿಲಿನಿಂದ ಬಳಲಿದವನಿಗೆ ಜೇನು, ಮೂರೂ ಬೇಡ ಎಂಬುದು ಆ ಮಾತಿನ ಸಾರ. ನೊಣಗಳು ವಿಷದ ಹೂವಿನಿಂದಲೂ ಮಕರಂದ ತರುತ್ತವೆ ಎಂಬುದು ಅವರು ಕೊಡುವ ಕಾರಣ. ವಾಂತಿ ಮಾಡಿಸುವ ಚಿಕಿತ್ಸೆಯಲ್ಲಿ, ಕಷಾಯದ ಬಸ್ತಿಯಲ್ಲಿ (ಎನಿಮಾದಂಥ ಚಿಕಿತ್ಸೆ) ಮಾತ್ರ ಬಿಸಿ ಜೇನಿಗೆ ವಿನಾಯಿತಿ ಇದೆ. ಜೀರ್ಣವಾಗುವ ಮೊದಲೇ ಅದು ಹೊರಗೆ ಬಂದುಬಿಡುತ್ತದೆ ಎಂಬ ತರ್ಕ. ಇಷ್ಟು ಸೂಕ್ಷ್ಮವಾಗಿ ಯೋಚಿಸಿದವರನ್ನು ಮೂಢರೆಂದು ತಳ್ಳಿಹಾಕುವ ಚಟ ನನಗಿಲ್ಲ. ಅದರ ಆಚರಣೆಯ ಭಾಗ ನನ್ನ ಅಡುಗೆಮನೆಯಲ್ಲಿ ಈಗಲೂ ಚಾಲ್ತಿಯಲ್ಲಿದೆ: ಕಷಾಯಕ್ಕೆ ಜೇನು ಹಾಕುವುದು ಆರಿದ ಮೇಲೆ. ಚ್ಯವನಪ್ರಾಶಕ್ಕೂ ಲೇಹ್ಯ ತಣ್ಣಗಾದ ಮೇಲೆಯೇ ಜೇನು ಸೇರಿಸುತ್ತಾರೆ. ಪರಿಮಳ ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಇಂದಿನವರು ಆ ಹಳೆಯ ಎಚ್ಚರಿಕೆಗೆ ಒಂದು ರಾಸಾಯನಿಕದ ಹೆಸರು ಅಂಟಿಸಿದ್ದಾರೆ: ಹೈಡ್ರಾಕ್ಸಿಮಿಥೈಲ್‌ಫರ್ಫ್ಯುರಲ್, ಚುಟುಕಾಗಿ ಎಚ್‌ಎಂಎಫ್. ಜೇನಿನ ಹುಳಿಯಲ್ಲಿ ಫ್ರಕ್ಟೋಸ್ ನೀರು ಕಳೆದುಕೊಂಡಾಗ ಇದು ಹುಟ್ಟುತ್ತದೆ. ಬಿಸಿ ಹೆಚ್ಚಾದಷ್ಟೂ ವೇಗ ಹೆಚ್ಚು. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಒಂದು ಕಿಲೋ ಜೇನಿನಲ್ಲಿ ಇದು 40 ಮಿಲಿಗ್ರಾಂ ಮೀರಬಾರದು. ಉಷ್ಣವಲಯದ ದೇಶಗಳ ಜೇನಿಗೆ ಮಾತ್ರ 80ರವರೆಗೆ ಅವಕಾಶ, ಏಕೆಂದರೆ ನಮ್ಮ ಸೆಕೆಯಲ್ಲಿ ಸುಮ್ಮನೆ ಇಟ್ಟರೂ ಅದು ಏರುತ್ತದೆ. ಭಾರತದ ಮಿತಿಯೂ 80.

ಈಗ ಲೆಕ್ಕ ಹಾಕೋಣ. ಒಂದು ಟೀ ಚಮಚ ಜೇನು ಸುಮಾರು 7 ಗ್ರಾಂ. ಮಿತಿಯ ತುದಿಯಲ್ಲಿರುವ ಜೇನಾದರೂ ಚಮಚಕ್ಕೆ ಅರ್ಧ ಮಿಲಿಗ್ರಾಂಗಿಂತ ಒಂದಿಷ್ಟು ಹೆಚ್ಚು ಎಚ್‌ಎಂಎಫ್ ಬಂತು. ಹುರಿದ ಕಾಫಿ ಪುಡಿಯಲ್ಲಿ ಇದೇ ವಸ್ತು ಕಿಲೋಗೆ ನೂರಾರು ಮಿಲಿಗ್ರಾಂ ಇರುತ್ತದೆ. ಬ್ರೆಡ್ಡಿನ ಕಂದು ಅಂಚಿನಲ್ಲಿದೆ, ಒಣಹಣ್ಣಿನಲ್ಲಿದೆ. ದಿನಕ್ಕೆ ಮೂರು ಲೋಟ ಫಿಲ್ಟರ್ ಕಾಫಿ ಕುಡಿಯುವ ಅತ್ತೆಗೆ ನನ್ನ ಕಷಾಯದ ಜೇನು ಕಂಡರೆ ಭಯ! ಇದನ್ನು ಅವರಿಗೆ ಹೇಳಿದೆ. "ಕಾಫಿಯ ವಿಷಯಕ್ಕೆ ಬರಬೇಡ" ಎಂದರು.

ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ಈ ಹಳೆಯ ಮಾತನ್ನೇ ಪರೀಕ್ಷೆಗೆ ಎತ್ತಿಕೊಂಡು 2010ರಲ್ಲಿ ಪ್ರಬಂಧ ಪ್ರಕಟಿಸಿದ್ದರು. ಜೇನನ್ನು 60 ಮತ್ತು 140 ಡಿಗ್ರಿಗೆ ಕಾಯಿಸಿದರು, ತುಪ್ಪ ಬೆರೆಸಿದರು, ಇಲಿಗಳಿಗೆ ತಿನ್ನಿಸಿದರು. 140 ಡಿಗ್ರಿಯ ಜೇನಿನಲ್ಲಿ ಎಚ್‌ಎಂಎಫ್ ಏರಿತ್ತು. ಅಂಥ ಜೇನು ತುಪ್ಪದ ಜೊತೆ ಕಾಲಕ್ರಮೇಣ ಹಾನಿ ಮಾಡಬಹುದು ಎಂದು ಅವರು ಬರೆದರು. ಆದರೆ ಅದೇ ಪ್ರಬಂಧದ ಇಲಿಗಳ ಆಹಾರದಲ್ಲಾಗಲಿ ತೂಕದಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಂಡಿರಲಿಲ್ಲ. ಅಂತರ್ಜಾಲದಲ್ಲಿ ಓಡಾಡುವುದು ಮೊದಲರ್ಧ ಮಾತ್ರ. ಇಷ್ಟಕ್ಕೂ 140 ಡಿಗ್ರಿ ಎಂದರೆ ಕುದಿವ ಕಷಾಯದಲ್ಲಿ ಎಂದೂ ಬರದ ಬಿಸಿ.

ಒಂದು ಜೀವಿಗೆ ಮಾತ್ರ ಕಾಯಿಸಿದ ಜೇನು ನಿಜಕ್ಕೂ ವಿಷ. ಅದು ಜೇನುನೊಣ. ಎಚ್‌ಎಂಎಫ್ ಹೆಚ್ಚಿರುವ ಹಳೆಯ ಜೇನನ್ನೋ ಹುಳಿ ಹಾಕಿ ಕುದಿಸಿದ ಸಕ್ಕರೆ ಪಾಕವನ್ನೋ ಪೆಟ್ಟಿಗೆಗೆ ಇಟ್ಟರೆ ನೊಣಗಳ ಹೊಟ್ಟೆ ಕೆಟ್ಟು ಸಾಯುತ್ತವೆ. ಮಳೆಗಾಲದಲ್ಲಿ ಪೆಟ್ಟಿಗೆಗಳಿಗೆ ಆಹಾರ ಕೊಡುವವರು ಈ ಎಚ್ಚರಿಕೆ ಮರೆಯಬಾರದು.

ನಿಜವಾದ ಅಪಾಯ ಬೇರೆ ಕಡೆ ಇದೆ, ಅದಕ್ಕೂ ಬಿಸಿಗೂ ಸಂಬಂಧವಿಲ್ಲ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಬೇಡ. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳು ಅವುಗಳನ್ನು ಮೊಳೆಯಲು ಬಿಡುವುದಿಲ್ಲ, ಎಳೆಗೂಸಿನ ಕರುಳಿಗೆ ಆ ಶಕ್ತಿಯಿಲ್ಲ. ಮಗು ಸ್ನಾಯುಗಳ ಬಲ ಕಳೆದುಕೊಂಡು ಉಸಿರಾಟಕ್ಕೂ ತೊಂದರೆಯಾಗುವ ಕಾಯಿಲೆ ಅದು. ಮನೆಯಲ್ಲಿ ಕುದಿಸಿದರೂ ಬೀಜಕಣ ಸಾಯುವುದಿಲ್ಲ. ಹಸಿಯೋ, ಸಂಸ್ಕರಿತವೋ, ಅಜ್ಜಿಯ ತೋಟದ್ದೋ, ವರ್ಷ ತುಂಬುವವರೆಗೆ ಮಗುವಿಗೆ ಯಾವ ಜೇನೂ ಬೇಡ.

ಬಾಟಲಿಗಳ ನಡುವೆ

ಕರ್ನಾಟಕದಲ್ಲಿ ನಮ್ಮ ಕೈಗೆ ಸಿಗುವ ಜೇನನ್ನು ಹೋಲಿಸುವಾಗ ಹಸಿ, ಸಂಸ್ಕರಿತ ಎಂಬ ಎರಡೇ ಡಬ್ಬಿ ಸಾಲದು. ಯಾವ ನೊಣದ್ದು ಎನ್ನುವುದೂ ಮುಖ್ಯ, ಏಕೆಂದರೆ ತೇವಾಂಶ ಅದರ ಮೇಲೆ ನಿಂತಿದೆ ಮತ್ತು ಕಾಯಿಸುವ ಅಗತ್ಯ ತೇವಾಂಶದ ಮೇಲೆ ನಿಂತಿದೆ.

ತುಡುವೆ ಜೇನು ಕೊಡಗು, ಮಲೆನಾಡು, ಕರಾವಳಿಯ ಪೆಟ್ಟಿಗೆಯ ಜೇನು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುತೇಕ ಗುಡಿಸಿಹಾಕಿತ್ತು. ನಂತರ ನಿಧಾನವಾಗಿ ಚೇತರಿಸಿಕೊಂಡ ಈ ನೊಣದ ಜೇನು ನನ್ನ ಪ್ರಕಾರ ದಿನಬಳಕೆಗೆ ಅತ್ಯುತ್ತಮ. ಎರಿಯ ಕೋಶಗಳಿಗೆ ನೊಣಗಳು ಮೇಣದ ಮುಚ್ಚಳ ಹಾಕಿದ ಮೇಲೆ ಯಂತ್ರದಲ್ಲಿ ತಿರುಗಿಸಿ ತೆಗೆದಿದ್ದರೆ ಕಾಯಿಸದೆಯೂ ತಡೆಯುತ್ತದೆ. ಅವಸರದಲ್ಲಿ ಮುಚ್ಚಳ ಬೀಳುವ ಮೊದಲೇ ತೆಗೆದದ್ದಾದರೆ ಹುಳಿಯುತ್ತದೆ.

ಹೆಜ್ಜೇನು ಕಾಡಿನದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಂಥ ಸಮುದಾಯಗಳು ಎತ್ತರದ ಮರ, ಬಂಡೆಗಳಿಂದ ಇಳಿಸುವ ಜೇನು. ಬಣ್ಣ ಗಾಢ, ರುಚಿ ಖಾರವೆನ್ನುವಷ್ಟು ಗಟ್ಟಿ. ಆದರೆ ಮುಂಗಾರಿನ ಹೊಸ್ತಿಲಲ್ಲಿ ತೆಗೆದದ್ದರಲ್ಲಿ ತೇವಾಂಶ ಶೇಕಡಾ 20 ದಾಟುವುದು ಸಾಮಾನ್ಯ. ಭಾರತದ ಮಾನದಂಡದ ಮಿತಿಯೇ 20.

ಇದರ ಪಾಠವನ್ನು ನಾನು ಕಾಸು ಕೊಟ್ಟೇ ಕಲಿತೆ. ಘಾಟಿಯ ರಸ್ತೆ ಬದಿಯಲ್ಲಿ ಹಳೆಯ ಬಾಟಲಿಯಲ್ಲಿ ತುಂಬಿ ಮಾರುತ್ತಿದ್ದ ಹೆಜ್ಜೇನು ತಂದು ಪೂಜೆಯ ಪಾತ್ರೆಯ ಹಾಗೆ ಜೋಪಾನವಾಗಿಟ್ಟಿದ್ದೆ. ಶ್ರಾವಣದ ಒಂದು ರಾತ್ರಿ ಅಡುಗೆಮನೆಯಲ್ಲಿ ಟಪ್ ಎಂದು ಸದ್ದಾಯಿತು. ನೋಡಿದರೆ ಬಿರಡೆ ಸಿಂಕಿನಲ್ಲಿ ಬಿದ್ದಿದೆ, ಬಾಟಲಿಯ ಕೊರಳಿನಿಂದ ಬಿಳಿ ನೊರೆ ಉಕ್ಕಿ ಹಲಗೆಯ ಮೇಲೆ ಹರಿದು ಕೆಳಗಿನ ಅವಲಕ್ಕಿ ಡಬ್ಬಿಯವರೆಗೆ ಬಂದಿದೆ, ಮನೆಯೆಲ್ಲ ಹುಳಿ ಹೆಂಡದ ವಾಸನೆ. ಜೇನಿನಲ್ಲಿ ಸಹಜವಾಗಿಯೇ ಇರುವ ಯೀಸ್ಟ್ ನೀರು ಹೆಚ್ಚಾದಾಗ ಎಚ್ಚೆತ್ತು ಹುದುಗೆಬ್ಬಿಸಿತ್ತು. ಅತ್ತೆಯ ಪ್ರಕಾರ ಅದೇ "ಜೀವಂತ" ಜೇನಿನ ಲಕ್ಷಣ. ಜೀವಂತವೇನೋ ಹೌದು.

ಸಂಸ್ಕರಣೆ ಹುಟ್ಟಿಕೊಂಡದ್ದು ಈ ನೊರೆಯನ್ನು ತಡೆಯಲು. ಜೇನನ್ನು 60ರಿಂದ 65 ಡಿಗ್ರಿಯಲ್ಲಿ ಕೆಲವು ನಿಮಿಷ ಇಟ್ಟು ಯೀಸ್ಟನ್ನು ಕೊಲ್ಲುತ್ತಾರೆ, ತೆಳುವಾದಾಗ ಸೋಸುತ್ತಾರೆ, ನೀರಿನಂಶ ಇಳಿಸುತ್ತಾರೆ, ಬೇಗ ತಣಿಸುತ್ತಾರೆ. ಶಿಸ್ತಾಗಿ ಮಾಡಿದರೆ ಕಿಣ್ವ ಕೊಂಚವೇ ಕಡಿಮೆಯಾಗುತ್ತದೆ. ಮೇಲಿನ ಲೆಕ್ಕವನ್ನೇ ಇನ್ನೊಮ್ಮೆ ನೋಡಿ. ಕಳೆದುಹೋಗುವುದು ಹೂವಿನ ಪರಿಮಳ, ತೀರಾ ಸಣ್ಣ ಜರಡಿಯಲ್ಲಿ ಸೋಸಿದರೆ ಪರಾಗ. ಎಲ್ಲ ಊರಿನ ಜೇನು ಒಂದೇ ತೊಟ್ಟಿಯಲ್ಲಿ ಸೇರಿ ಒಂದೇ ರುಚಿ ಬರುವುದು ನನಗೆ ಕಿಣ್ವದ ನಷ್ಟಕ್ಕಿಂತ ದೊಡ್ಡ ನಷ್ಟ.

ಮಿಸರಿ ಜೇನು, ದಕ್ಷಿಣ ಕನ್ನಡದವರ ಮುಜಂಟಿ, ಕುಟುಕದ ಪುಟ್ಟ ನೊಣದ್ದು. ವರ್ಷಕ್ಕೆ ಒಂದು ಗೂಡಿನಿಂದ ಸಿಗುವುದೇ ಸ್ವಲ್ಪ, ಹಾಗಾಗಿ ಬೆಲೆ ಹಲವು ಪಟ್ಟು. ನೀರಾಗಿರುತ್ತದೆ, ಹುಳಿಯಾಗಿರುತ್ತದೆ. ಇದನ್ನು ಕಾಯಿಸುವುದು ಹಣವನ್ನು ಕಾಯಿಸಿದಂತೆ. ಫ್ರಿಜ್ಜಿನಲ್ಲಿಡಿ, ಸಣ್ಣ ಚಮಚದಲ್ಲಿ ನೆಕ್ಕಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಬಾಕಿ. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್ಮೆಂಟ್ ಸಂಸ್ಥೆ 2020ರ ಡಿಸೆಂಬರಿನಲ್ಲಿ ಪ್ರಕಟಿಸಿದ ತನಿಖೆಯಲ್ಲಿ, ಪರೀಕ್ಷಿಸಿದ 22 ಮಾದರಿಗಳ ಪೈಕಿ 77 ಶೇಕಡಾದಲ್ಲಿ ಸಕ್ಕರೆ ಪಾಕದ ಕಲಬೆರಕೆ ಇತ್ತು. ಅಂಥ ಪಾಕ ಹಳೆಯ ಪರೀಕ್ಷೆಗಳಿಗೆ ಸಿಗುವುದಿಲ್ಲ. ಇನ್ನು ನೀರಿನಲ್ಲಿ ಹನಿ ಬಿಡುವುದು, ಬೆಂಕಿಕಡ್ಡಿ ಗೀರುವುದು, ಇರುವೆ ಬರುತ್ತದೆಯೇ ಎಂದು ಕಾಯುವುದು, ನಾಯಿ ಮೂಸುತ್ತದೆಯೇ ಎಂದು ನೋಡುವುದು ಬರೀ ಮನರಂಜನೆ. ಬಾಟಲಿಯಲ್ಲಿ ಜೇನೇ ಇಲ್ಲದಿದ್ದರೆ ಕಾಯಿಸಬೇಕೋ ಬೇಡವೋ ಎಂಬ ಚರ್ಚೆಯಿಂದ ಏನು ಬಂತು? ನನ್ನ ಆಯ್ಕೆಯ ಕ್ರಮ ಹೀಗಿದೆ: ಪೆಟ್ಟಿಗೆ ಇಟ್ಟವರ ಪರಿಚಯವಿದ್ದರೆ ಅವರಿಂದ, ಇಲ್ಲವಾದರೆ ಜೇನು ಕೃಷಿಕರ ಸಹಕಾರಿ ಸಂಘದಿಂದ, ಅದೂ ಇಲ್ಲದಿದ್ದರೆ ತಯಾರಿಕೆಯ ದಿನಾಂಕ ಹತ್ತಿರವಿರುವ ಅಂಗಡಿಯ ಬಾಟಲಿ. ಲೇಬಲ್ಲಿನ ಮೇಲೆ ದಪ್ಪ ಅಕ್ಷರದಲ್ಲಿ ಹಸಿ, ಕಾಡು, ಶುದ್ಧ ಎಂದು ಬರೆದಿರುವುದನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ.

ಯಾವ ಕೆಲಸಕ್ಕೆ ಯಾವುದು

ಕೆಮ್ಮಿಗೆ ಎರಡೂ ಸಮ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಶೀತ ಕೆಮ್ಮಿನ ಉಪದ್ರವ ತಗ್ಗಿಸುವಲ್ಲಿ ಜೇನು ಸಾಮಾನ್ಯ ಉಪಚಾರಕ್ಕಿಂತ ಮೇಲಾಗಿ ಕಂಡಿತು. ಜೇನಿನ ಪರವಾಗಿ ಇರುವ ಗಟ್ಟಿ ಆಧಾರಗಳಲ್ಲಿ ಇದು ಮುಂದಿನ ಸಾಲಿನದು. ಅದು ಗಂಟಲಿಗೆ ಲೇಪವಾಗಿ ಕೂರುತ್ತದೆ, ಸಿಹಿಯಿಂದ ಎಂಜಲು ಊರುತ್ತದೆ. ಈ ಕೆಲಸಕ್ಕೆ ಡಯಾಸ್ಟೇಸಿನ ಹಂಗಿಲ್ಲ. ಮಲಗುವ ಮುನ್ನ ಚಮಚದಲ್ಲಿ ಹಾಗೆಯೇ ನೆಕ್ಕುವುದು ಬಿಸಿನೀರಿಗೆ ಬೆರೆಸುವುದಕ್ಕಿಂತ ಒಳ್ಳೆಯದು ಎಂದೇ ನಾನು ಹೇಳುತ್ತೇನೆ. ಬಿಸಿಯ ಭಯದಿಂದ ಅಲ್ಲ, ನೀರಿಗೆ ಹಾಕಿದರೆ ಲೇಪ ತೆಳುವಾಗುತ್ತದೆ ಎಂದು.

ಗಾಯಕ್ಕೆ ಮಾತ್ರ ಕಿಣ್ವ ನಿಜವಾಗಿಯೂ ಬೇಕು. ಗಾಯದ ತೇವ ತಾಗಿ ಜೇನು ತೆಳುವಾದಾಗ ಗ್ಲೂಕೋಸ್ ಆಕ್ಸಿಡೇಸ್ ಎಚ್ಚರಗೊಂಡು ಪೆರಾಕ್ಸೈಡ್ ಉಂಟುಮಾಡುತ್ತದೆ. ಆಸ್ಪತ್ರೆಯಲ್ಲಿ ಬಳಸುವ ವೈದ್ಯಕೀಯ ದರ್ಜೆಯ ಜೇನನ್ನು ಕಾಯಿಸದೆ ಗಾಮಾ ಕಿರಣದಿಂದ ಕ್ರಿಮಿಶುದ್ಧ ಮಾಡುವುದು ಇದೇ ಕಾರಣಕ್ಕೆ. ಅಂದರೆ ಬಿಸಿ ಗುಣ ಕೆಡಿಸುತ್ತದೆ ಎಂಬ ಮಾತು ಅಕ್ಷರಶಃ ನಿಜವಾಗುವುದು ಚರ್ಮದ ಮೇಲೆ, ಹೊಟ್ಟೆಯೊಳಗಲ್ಲ. ಹಾಗೆಂದು ಅಡುಗೆಮನೆಯ ಬಾಟಲಿಯನ್ನು ಸುಟ್ಟ ಗಾಯಕ್ಕೆ ಸುರಿಯಬೇಡಿ. ತಣ್ಣೀರು ಹಿಡಿದು ವೈದ್ಯರ ಬಳಿಗೆ ಹೋಗಿ.

ನಿಂಬೆ, ಜೇನು, ಬಿಸಿನೀರಿನಿಂದ ತೂಕ ಇಳಿಯುತ್ತದೆ ಎಂಬುದಕ್ಕೆ ಹೆಚ್ಚು ಸ್ಥಳ ಕೊಡುವುದಿಲ್ಲ. ಚಮಚಕ್ಕೆ 20 ಚಿಲ್ಲರೆ ಕ್ಯಾಲೊರಿಯ ಸಕ್ಕರೆ ಅದು. ವಿಶ್ವ ಆರೋಗ್ಯ ಸಂಸ್ಥೆ ಮಿತಿಯಲ್ಲಿಡಿ ಎನ್ನುವ ಸಕ್ಕರೆಗಳ ಪಟ್ಟಿಯಲ್ಲಿ ಜೇನೂ ಇದೆ. ಮಧುಮೇಹದವರಿಗೆ ಹಸಿ ಜೇನಿಗೂ ರಿಯಾಯಿತಿ ಇಲ್ಲ. ರುಚಿಗೆ ಕುಡಿಯುವುದಾದರೆ ಕುಡಿಯಿರಿ, ಅಂಗಡಿಯ ಜೇನು ಸಾಕು.

ಬೇಕಿಂಗ್‌ಗೆ, ಗ್ರಾನೋಲಾಕ್ಕೆ, ಒಗ್ಗರಣೆಯ ಸಾಸಿಗೆ ಸಂಸ್ಕರಿತ ಜೇನೇ ಸರಿ. 180 ಡಿಗ್ರಿಯ ಒಲೆಗೆ ಮಿಸರಿಯನ್ನೂ ಒಳ್ಳೆಯ ತುಡುವೆಯನ್ನೂ ಹಾಕುವುದು ಪಾಪ. ಅಲ್ಲಿ ಜೇನು ಕೊಡುವುದು ಕಂದುಬಣ್ಣ ಮತ್ತು ತೇವ. (ಬೆಂಗಳೂರಿನ ಬೇಕರಿಗಳ ಹನಿ ಕೇಕಿನ ಮೇಲೆ ಸುರಿಯುವುದು ಬಹುಪಾಲು ಸಕ್ಕರೆ ಪಾಕವೇ ಆದರೂ ಅದರ ಮೇಲೆ ನನಗೆ ಯಾವ ದೂರೂ ಇಲ್ಲ.)

ಪಂಚಾಮೃತಕ್ಕೆ, ಹಣ್ಣಿನ ರಸಾಯನಕ್ಕೆ, ಮೊಸರಿಗೆ, ಬರೀ ಬಾಯಿಗೆ ಹಸಿ ಜೇನು. ಆ ಪಟ್ಟಿಯ ತುದಿಯಲ್ಲಿ ತೆಳ್ಳೇವು, ಅಂದರೆ ತೆಳು ದೋಸೆ. ಕಾವಲಿಯಿಂದ ಆಗಷ್ಟೇ ಎತ್ತಿದ ತೆಳ್ಳೇವಿನ ಮೇಲೆ ಜೇನು ಬಿಟ್ಟರೆ ಕ್ಷಣದಲ್ಲಿ ತೆಳುವಾಗಿ ಅದರ ತೂತುಗಳೊಳಗೆ ಇಳಿಯುತ್ತದೆ, ಬಿಸಿಗೆ ಪರಿಮಳ ಮೂಗಿಗೆ ಏರುತ್ತದೆ. ಬಿಸಿ ಪರಿಮಳವನ್ನು ಹಾಳುಮಾಡುತ್ತದೆ ಎಂದೆನಲ್ಲ, ಹಾಳಾಗುವ ದಾರಿಯಲ್ಲಿ ಅದು ನಮ್ಮ ಮೂಗನ್ನು ಹಾದು ಹೋಗುವುದಾದರೆ ನನ್ನ ತಕರಾರಿಲ್ಲ. ಊರಿನಲ್ಲಿ ಅತ್ತೆಯೂ ಹೀಗೆಯೇ ತಿನ್ನುತ್ತಾರೆ.

ಹರಳುಗಟ್ಟಿದ ಬಾಟಲಿ

ಜೇನನ್ನು ಬಿಸಿ ಮಾಡುವ ಪ್ರಸಂಗ ಮನೆಯಲ್ಲಿ ಹೆಚ್ಚಾಗಿ ಬರುವುದು ಇಲ್ಲಿ. ತಳದಲ್ಲಿ ಸಕ್ಕರೆಯಂತೆ ಗಟ್ಟಿಯಾಗಿದೆ ಎಂದು ಕಲಬೆರಕೆಯ ಸಂಶಯದಲ್ಲಿ ಬಾಟಲಿ ಎಸೆದವರನ್ನು ನಾನು ಬಲ್ಲೆ. ಗ್ಲೂಕೋಸ್ ಹೆಚ್ಚಿರುವ ಜೇನು ಹರಳುಗಟ್ಟುವುದು ಸಹಜ. ರಬ್ಬರ್ ತೋಟದ ಜೇನು, ಬಯಲುಸೀಮೆಯ ಸೂರ್ಯಕಾಂತಿ ಜೇನು ಬಲುಬೇಗ ಹೆಪ್ಪುಗಟ್ಟುತ್ತವೆ. 14 ಡಿಗ್ರಿಯ ಆಸುಪಾಸಿನಲ್ಲಿ ಈ ಕ್ರಿಯೆಗೆ ವೇಗ ಹೆಚ್ಚು, ಹಾಗಾಗಿ ಕೊಡಗಿನ ಚಳಿಗಾಲದಲ್ಲಿ ಇದು ಮಾಮೂಲು.

ಮೊದಲ ಆಯ್ಕೆ ಏನೂ ಮಾಡದಿರುವುದು. ಹರಳುಗಟ್ಟಿದ ಜೇನನ್ನು ಚಪಾತಿಗೆ ಬೆಣ್ಣೆಯಂತೆ ಸವರಬಹುದು. ಕರಗಲೇಬೇಕೆಂದರೆ ಪಾತ್ರೆಯಲ್ಲಿ 45 ಡಿಗ್ರಿಯ, ಅಂದರೆ ಕೈ ಅದ್ದಿದರೆ ಚುರುಕೆನ್ನುವ, ಆದರೆ ಸುಡದ ನೀರು ತುಂಬಿ, ಒಲೆ ಆರಿಸಿ, ಗಾಜಿನ ಬಾಟಲಿಯ ಮುಚ್ಚಳ ಸಡಿಲಿಸಿ ಅದರಲ್ಲಿ ನಿಲ್ಲಿಸಿ. ನೀರು ತಣಿದರೆ ಬದಲಿಸಿ. ಒಂದೆರಡು ಗಂಟೆ ಹಿಡಿಯುತ್ತದೆ. ಒಣ ಚಮಚದಲ್ಲಿ ಆಗಾಗ ತಿರುವಿ. ಮೈಕ್ರೋವೇವ್ ಬೇಡ: ಒಂದು ಕಡೆ ಇನ್ನೂ ಹರಳಿರುವಾಗಲೇ ಇನ್ನೊಂದು ಕಡೆ ಕುದಿಯುತ್ತದೆ, ಪ್ಲಾಸ್ಟಿಕ್ ಬಾಟಲಿಯಾದರೆ ಸೊಟ್ಟಗಾಗುತ್ತದೆ. ಬಿಸಿಲಿಗೆ ಇಡುವುದೂ ಬೇಡ. ಗ್ಲೂಕೋಸ್ ಆಕ್ಸಿಡೇಸಿಗೆ ಬೆಳಕೂ ಆಗಿಬರುವುದಿಲ್ಲ.

ಈಗ ನಮ್ಮ ಮನೆಯಲ್ಲಿ ಎರಡು ಬಾಟಲಿಗಳಿವೆ. ಒಲೆಯಿಂದ ದೂರದ ಕತ್ತಲ ಗೂಡಿನಲ್ಲಿ ಊರಿನ ತುಡುವೆ, ಚಹಾ ಡಬ್ಬಿಯ ಪಕ್ಕದಲ್ಲಿ ಅಂಗಡಿಯದು. ಮೊನ್ನೆ ಮತ್ತೆ ಬಂದಿದ್ದ ಅತ್ತೆ ತಾವೇ ಕಷಾಯ ಕುದಿಸಿ, ಲೋಟಕ್ಕೆ ಬಗ್ಗಿಸಿ, ಕಿರುಬೆರಳು ಅದ್ದಿ ಬಿಸಿ ನೋಡಿದರು. ಇನ್ನಷ್ಟು ಆರಲಿ ಎಂದು ಕಿಟಕಿಯ ಬಳಿ ಇಟ್ಟು, ಅಷ್ಟರಲ್ಲಿ ತಮಗೊಂದು ಕಾಫಿ ಬೆರೆಸಿಕೊಂಡರು.